ಕರಿದಾರ, ಕೆಂಪುದಾರ

ಜೂನ್ 14, 1958, ಶನಿವಾರ

ರಾತ್ರಿ ಎರಡೂಕಾಲು. ಗೋಡೆಯಾಚೆ ಪೋಸ್ಟ್ ಆಫೀಸಿನ ಫೋನು ಒಂದೇ ಒಂದು ಸಲ ಟ್ರಿಣ್ ಎಂದು ಸುಮ್ಮನಾಯಿತು. ಯಾರೂ ಕರೆದದ್ದಲ್ಲ. ಸೊರಬದ ಕಡೆ ಎಲ್ಲೋ ಮಿಂಚು ಹೊಡೆದರೆ ಅದು ತಂತಿಯಲ್ಲಿ ಹರಿದು ಬಂದು ಇಲ್ಲಿ ಗಂಟೆಯನ್ನು ಮುಟ್ಟಿ ಹೋಗುತ್ತದಂತೆ, ಇವರು ಹೇಳಿದ್ದು. ಇವರು ಶಿಕಾರಿಪುರದ ಪೋಸ್ಟ್ ಮಾಸ್ಟರು. ಆಫೀಸಿನ ಹಿಂದಿನ ಎರಡು ಕೋಣೆ ಮತ್ತು ಅಡಿಗೆಮನೆಯೇ ನಮ್ಮ ಮನೆ. ವಾಸುವಿಗೆ ಅಷ್ಟು ಸದ್ದು ಸಾಕು. ಎದ್ದವನು ಈಗ, ಮೂರೂವರೆಗೆ, ಮಲಗಿದ. ಇನ್ನು ನನಗೆ ನಿದ್ದೆಯಿಲ್ಲ. ಹಾಸ್ಟೆಲಿನಲ್ಲಿದ್ದಾಗ ದಿನಚರಿ ಬರೆಯುತ್ತಿದ್ದವಳು ಮತ್ತೆ ಬರೆಯುತ್ತಿದ್ದೇನೆ. ಬಿ.ಎ. ಮಾಡಿದ್ದಕ್ಕೆ ಇದಾದರೂ ಉಳಿಯಲಿ.

ಅವಳಿಗಳಿಗೆ ಏಳು ತಿಂಗಳು ತುಂಬಿತು. ಒಂದು ಅಚ್ಚಿನ ಎರಡು ಸಕ್ಕರೆಗೊಂಬೆ. ಹೆರಿಗೆ ಮಾಡಿಸಿದ ಹಾಲಮ್ಮ ಅವತ್ತೇ ಮೊದಲು ಬಂದವನ ಸೊಂಟಕ್ಕೆ ಕರಿದಾರ, ಹಿಂದೆ ಬಂದವನಿಗೆ ಕೆಂಪುದಾರ ಕಟ್ಟಿದಳು. ಕರಿದಾರದವನು ವಾಸುದೇವ, ಕೆಂಪುದಾರದವನು ಅಚ್ಯುತ. ಇವರಿಗಂತೂ ಸೊಂಟ ನೋಡದೆ ಹೆಸರು ಬಾಯಿಗೆ ಬರುವುದಿಲ್ಲ. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ. ಅವರು ದಾರವನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಹಾಲಮ್ಮ ಮಾತ್ರ ದಾರ ನೋಡುವುದಿಲ್ಲ. ದಿನಾ ಎಣ್ಣೆ ಹಚ್ಚಿ ಎರೆಯುವವಳು.

ನನಗೆ ಗೊತ್ತಾಗುವುದು ರಾತ್ರಿ. ಅಳುವವನು ವಾಸು.

ಮೂರು ತಿಂಗಳಿದ್ದಾಗ ವಾಸುವಿಗೆ ಎದೆ ಕಟ್ಟಿ ಜ್ವರ ಬಂದಿತ್ತು. ಡಾಕ್ಟರು ಪೆನಿಸಿಲಿನ್ ಸೂಜಿ ಹಾಕಿದ ಐದು ನಿಮಿಷಕ್ಕೆ ಮಗು ನೀಲಿಯಾಯಿತು, ತುಟಿ ಊದಿತು, ಉಸಿರು ನಿಂತಿತು. ಇನ್ನೊಂದು ಸೂಜಿ ಹಾಕಿ ಹೇಗೋ ಉಳಿಸಿದರು. "ಇನ್ನೊಂದು ಸಲ ಈ ಔಷಧಿ ಇವನ ಮೈಗೆ ಹೋದ್ರೆ ಯಾರೂ ಉಳಿಸೋಕಾಗಲ್ಲ ಕಣಮ್ಮ" ಅಂದು ಚೀಟಿ ಬರೆದುಕೊಟ್ಟರು. ಇವರು ಅದನ್ನು ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದಾರೆ. 'ವಾಸುದೇವ. ಪೆನಿಸಿಲಿನ್ ಕೂಡದು.' ಕೆಂಪು ಶಾಯಿ.

ಸಂಜೆ ಇವರಿಗೆ ಪಾಠ. ಅಕ್ಟೋಬರಿನಲ್ಲಿ ಇಲಾಖೆಯ ಪರೀಕ್ಷೆ. ಇಂಗ್ಲಿಷಿನಲ್ಲಿ ಎರಡು ಸಲ ಕೂತು ನಪಾಸಾಗಿ ಎದ್ದಿದ್ದಾರೆ. ಒಂದು ಪದ ಕೊಟ್ಟು, ಅರ್ಥಗಳನ್ನು ಬರೆದು ಬೇರೆ ಬೇರೆ ವಾಕ್ಯಗಳಲ್ಲಿ ಬಳಸಿ ಎನ್ನುವ ಪ್ರಶ್ನೆಗೇ ಇಪ್ಪತ್ತು ಅಂಕ. ಇವತ್ತಿನ ಪದ 'ಡಿಫರೆನ್ಸ್'.

"ವ್ಯತ್ಯಾಸ. ಮುಗೀತಲ್ಲ, ಇದಕ್ಕೇನು ಪಾಠ?"

"ಮುಗೀಲಿಲ್ಲ ಕಣ್ರೀ. ಒಂದು ಇನ್ನೊಂದರ ಹಾಗಿಲ್ಲದೆ ಇರೋದು ಒಂದರ್ಥ. ಒಂದರಲ್ಲಿ ಇನ್ನೊಂದು ಕಳೆದ್ರೆ ಉಳಿಯೋದು ಇನ್ನೊಂದು. ಮನಸ್ತಾಪ ಮೂರನೇದು. 'ಮೇಕ್ ನೋ ಡಿಫರೆನ್ಸ್' ಅಂದ್ರೆ ಏನಾದರೂ ಒಂದೇ, ಬಾಧಕವಿಲ್ಲ ಅಂತ. ಒಂದು ಮಗುವಿಗೆ ಜಾಸ್ತಿ ಒಂದಕ್ಕೆ ಕಮ್ಮಿ ಅಂತ ಭೇದ ಮಾಡ್ತಾರಲ್ಲ, ಅದಕ್ಕೆ ಈ ಪದ ತುರುಕಬೇಡಿ. ಅದಕ್ಕೆ ಬೇರೆ ಪದ ಇದೆ."

ಇವರು ಪೆನ್ಸಿಲ್ ಕಚ್ಚಿಕೊಂಡು ಬರೆದರು: ದೇರ್ ಈಸ್ ನೋ ಡಿಫರೆನ್ಸ್ ಬಿಟ್ವೀನ್ ವಾಸು ಅಂಡ್ ಅಚ್ಯುತ. "ಸರಿಯಾ ಮೇಡಂ?"

ಸರಿ ಅಂದೆ. ನಾನು ಭೇದ ಮಾಡುವವಳಲ್ಲ. ಮಾಡುವ ತಾಯಂದಿರನ್ನು ನೋಡಿದ್ದೇನೆ.

ಜೂನ್ 22, ಭಾನುವಾರ

ಇವರ ಅಕ್ಕ ರಾಜೀವಿ ಅತ್ತಿಗೆ ಮತ್ತು ಹರಿಹರ ಭಾವ ಸೊರಬದಿಂದ ಬೆಳಗಿನ ಬಸ್ಸಿಗೆ ಬಂದರು. ಭಾವ ಅಲ್ಲಿ ವಕೀಲರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿಲ್ಲ. ಊಟ ಮುಗಿಸಿ ಎಲೆಗೆ ಸುಣ್ಣ ಹಚ್ಚುತ್ತ ಭಾವ ಹೇಳಿದರು: "ತ್ರ್ಯಂಬಕ, ಸುತ್ತಿ ಬಳಸಿ ಮಾತಾಡೋದು ಬೇಡ. ದೇವರು ನಿನಗೆ ಒಂದೇ ಸಲಕ್ಕೆ ಎರಡು ಕೊಟ್ಟ. ಒಂದನ್ನ ನಮಗೆ ದತ್ತು ಕೊಡು." ಇನ್ನೊಂದು ಸೌಟು ಸಾರು ಕೇಳಿದ ಹಾಗಿತ್ತು.

ಅತ್ತೆಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ. "ಹಿರೇ ಮಗನ್ನ ದತ್ತು ಕೊಡೋ ಪದ್ಧತಿ ಇಲ್ಲ. ಕೊಟ್ರೆ ಸಣ್ಣದು, ಕೆಂಪುದಾರದ್ದು" ಅಂದುಬಿಟ್ಟರು.

"ಯಾವುದಾದ್ರೂ ಸೈ ಅಮ್ಮ, ಎರಡೂ ಒಂದೇ ಅಲ್ದಾ?" ಅತ್ತಿಗೆ ನನ್ನ ಕಡೆ ತಿರುಗಿದರು. "ನೀ ಎಂತಕ್ಕೆ ಹಾಗೆ ನೋಡ್ತೀಯೆ ಮಾರಾಯ್ತಿ? ಕಾಡಿಗೆ ಬಿಡ್ತೀಯೇನು? ಅತ್ತೆಮನೆಗೆ ಅಲ್ದಾ ಕಳಿಸೋದು?"

"ಆಗಲ್ಲ ಅತ್ತಿಗೆ. ಎರಡರಲ್ಲಿ ಯಾವುದನ್ನೂ ಕೊಡಲ್ಲ."

ಭಾವ ನಕ್ಕರು. "ಅವಳು ಆಗಲ್ಲ ಅಂದ್ರೆ ಆಗಲ್ವೇ. ಹೊಸ ಕಾಯಿದೆ ಬಂದು ಎರಡು ವರ್ಷ ಆಯ್ತು. ಹೆತ್ತವಳ ಒಪ್ಪಿಗೆ ಇಲ್ದೆ ಅಪ್ಪ ಕೊಡೋ ಹಾಗಿಲ್ಲ. ಓದಿದ ಹುಡುಗಿ, ಅವಳಿಗೆ ಗೊತ್ತಿಲ್ದೆ ಇರುತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ರಾತ್ರಿ ಇಬ್ಬರನ್ನೂ ಎರಡು ಕಂಕುಳಲ್ಲಿ ಅವಚಿಕೊಂಡು ಕೂತಿದ್ದೆ. ಕಾನೂನು ನನ್ನ ಕಡೆಗಿದೆ.

ಜೂನ್ 25

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೂ ಮಗನಿಗೆ ಹೇಳಿ, ಮಗ ನನಗೆ ಹೇಳಬೇಕು. ವಾಸು ನಾಲ್ಕು ಸಲ ಎದ್ದ.

ಜುಲೈ 6, ಭಾನುವಾರ

ವಾಸು ಐದು ಸಲ. ಅಚ್ಯುತ ಒಂದು ಸಲವೂ ಇಲ್ಲ. ಮಲಗಿಸಿದರೆ ಬೆಳಿಗ್ಗೆ ನಗುತ್ತಲೇ ಕಣ್ಣು ಬಿಡುತ್ತಾನೆ. ಇವನು ಸೀಳುದನಿಯಲ್ಲಿ ಕಿರುಚುತ್ತಿದ್ದರೂ ಅವನು ಪಕ್ಕದಲ್ಲಿ ಮುಷ್ಟಿ ಕಟ್ಟಿ ಮಲಗಿರುತ್ತಾನೆ. ದೇವರಂಥ ಮಗು.

ಇವರು ಇವತ್ತು ಪಾಠಕ್ಕೆ ಬರೆದ ವಾಕ್ಯ: ಮೈ ವೈಫ್ ಅಂಡ್ ಮೈ ಸಿಸ್ಟರ್ ಹ್ಯಾವ್ ದೇರ್ ಡಿಫರೆನ್ಸಸ್. ವಾಕ್ಯದಲ್ಲಿ ತಪ್ಪಿಲ್ಲ. ಪುಸ್ತಕ ಮುಚ್ಚಿ, "ಅಕ್ಕ ಊಟ ಬಿಟ್ಟಿದ್ದಾಳಂತೆ, ವಾಗ್ದೇವಿ" ಅಂದರು. ಹೆಸರು ಹಿಡಿದು ಕರೆಯುವುದು ಏನಾದರೂ ಬೇಕಾದಾಗ ಮಾತ್ರ.

ಕೊಡುವುದೇ ಆಗಿದ್ದರೆ ಕೊಡಬೇಕಾದದ್ದು... ಇಲ್ಲ. ಇದನ್ನು ಬರೆಯುವುದಿಲ್ಲ.

ಜುಲೈ 13, ಭಾನುವಾರ

ಮಧ್ಯಾಹ್ನ ಗೋಡೆಗೊರಗಿ ಹಾಲು ಕುಡಿಸುತ್ತಿದ್ದವಳಿಗೆ ಜೋಂಪು ಹತ್ತಿತು. ವಾಸು ತೊಡೆಯಿಂದ ಉರುಳಿ ನೆಲಕ್ಕೆ ಬಿದ್ದ. ಹಣೆ ಊದಿತು, ಅಷ್ಟೆ. ಅತ್ತೆ ಹದಿನೆಂಟು ದಿನಗಳ ಮೌನ ಮುರಿದರು: "ಎರಡು ಸಾಕೋ ಶಕ್ತಿ ನಿನ್ನ ಕೈಲಿಲ್ಲ. ಒಂದನ್ನ ಕೊಂದು ಒಂದನ್ನ ಉಳಿಸ್ಕೋತೀಯ. ಅದರ ಬದಲು ಕೊಡು."

ಭಾವ ಕಳಿಸಿದ್ದ ಒಪ್ಪಿಗೆ ಪತ್ರ ಮೇಜಿನ ಮೇಲೆ ಎರಡು ವಾರದಿಂದ ಇತ್ತು. ರುಜು ಹಾಕಿದೆ. ಹಾಕುವಾಗ ಮನಸ್ಸಿನಲ್ಲಿದ್ದದ್ದು ಅತ್ತಿಗೆಯೂ ಅಲ್ಲ, ಮಕ್ಕಳೂ ಅಲ್ಲ. ಒಂದೇ ಮಗುವಾದರೆ ರಾತ್ರಿ ಎಷ್ಟು ಹೊತ್ತು ಮಲಗಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಆಮೇಲೆ ಹೊಳೆಯಿತು: ಹೋಗುವವನು ಮಲಗುವ ಮಗು. ಉಳಿಯುವವನು ಅಳುವವನು.

ಈ ವಾರ ಅಧಿಕಮಾಸ ಹಿಡಿಯುತ್ತದೆ. ಶುಭಕಾರ್ಯವೇನಿದ್ದರೂ ನಿಜ ಶ್ರಾವಣಕ್ಕೆ. ಆಗಸ್ಟ್ 25 ಗೊತ್ತು ಮಾಡಿದ್ದಾರೆ.

ಆಗಸ್ಟ್ 3, ಭಾನುವಾರ

ಅಚ್ಯುತನಿಗೆ ಎದೆಹಾಲು ಬಿಡಿಸಿ ಒಳಲೆಯಲ್ಲಿ ಹಸುವಿನ ಹಾಲು ರೂಢಿ ಮಾಡಿಸುತ್ತಿದ್ದೇನೆ. ಸೊರಬದಲ್ಲಿ ಅದೇ ತಾನೆ. ಹಟವಿಲ್ಲ, ರಂಪವಿಲ್ಲ. ಒಳಲೆಯ ಮೂತಿ ಬಾಯಿಗಿಟ್ಟರೆ ಕಣ್ಣರಳಿಸಿ ನನ್ನನ್ನೇ ನೋಡುತ್ತ ಕುಡಿಯುತ್ತಾನೆ. ದೂರ ಮಾಡುವುದು ಹೇಗೆಂದು ನಾನು ಕಲಿಯಬೇಕು, ಅವನು ಕಲಿಯಲು ಬಿಡುತ್ತಿಲ್ಲ. ವಾಸು ಮಾತ್ರ ಜಿಗಣೆಯ ಹಾಗೆ ಎದೆ ಬಿಡುವುದಿಲ್ಲ. ಹಲ್ಲು ಬಂದಿದೆ, ಕಚ್ಚುತ್ತಾನೆ.

ಪಾಠದಲ್ಲಿ ಕಳೆಯುವ ಲೆಕ್ಕದ ಅರ್ಥ ಮತ್ತೊಮ್ಮೆ ಹೇಳಿಕೊಟ್ಟೆ. ಎರಡರಲ್ಲಿ ಒಂದು ಹೋದರೆ ಡಿಫರೆನ್ಸ್ ಒಂದು. ಹೋದದ್ದು ಯಾವುದು ಅಂತ ಲೆಕ್ಕ ಕೇಳುವುದಿಲ್ಲ.

ಆಗಸ್ಟ್ 24, ಭಾನುವಾರ

ಹಾಲಮ್ಮ ಮಗಳ ಬಾಣಂತನಕ್ಕೆ ತಾಳಗುಂದಕ್ಕೆ ಹೋಗಿದ್ದಾಳೆ. ಬರುವುದು ಒಂದು ವಾರ ಬಿಟ್ಟು. ಹಾಗಾಗಿ ಇವತ್ತು ಇಬ್ಬರಿಗೂ ನಾನೇ ಎರೆದೆ. ಅತ್ತೆ ದೇವರ ಮುಂದೆ. ಇವರು ಅಂಗಡಿಗೆ ಹೋಗಿದ್ದರು. ಎಣ್ಣೆಗೆ ನೆನೆದ ದಾರ ಬಿಚ್ಚಿ ಒಗೆದು ಒಲೆಯ ದಂಡೆಗೆ ಒಣಗಲು ಹಾಕಿದೆ. ಇಬ್ಬರೂ ಬರಿಮೈಯಲ್ಲಿ ಚಾಪೆಯ ಮೇಲೆ ಕಾಲು ಬಡಿಯುತ್ತಿದ್ದರು. ಸೊಂಟದಲ್ಲಿ ಏನೂ ಇಲ್ಲದಿದ್ದಾಗ ಅವರಲ್ಲಿ ದೊಡ್ಡವನೂ ಇಲ್ಲ, ಚಿಕ್ಕವನೂ ಇಲ್ಲ.

ದಾರ ಒಣಗಿದ ಮೇಲೆ ಕಟ್ಟಿದೆ.

ನಾನು ಮೋಸ ಮಾಡಿದೆ ಅನ್ನಿಸುತ್ತಿಲ್ಲ. ಯಾವುದಾದರೂ ಸೈ ಅಂದವರು ಅತ್ತಿಗೆ. ಎರಡೂ ಒಂದೇ ಅಂದವರು ಅವರು. ಅವರಿಗೆ ಮಗು ಬೇಕಿತ್ತು, ಮಗು ಸಿಗುತ್ತದೆ. ಸೊರಬದ ದೊಡ್ಡ ಮನೆಯಲ್ಲಿ ಆಳುಕಾಳು ಇದ್ದಾರೆ, ಅಳುವ ಮಗುವನ್ನು ಹೊತ್ತು ತಿರುಗಲು ಹತ್ತು ಕೈ. ಅಲ್ಲಿ ಅವನು ಸುಖವಾಗಿರುತ್ತಾನೆ. ಅವನ ಒಳ್ಳೆಯದಕ್ಕೇ.

ಬಟ್ಟೆ ತೆಗೆಯಲು ಬೀರು ತೆರೆದಾಗ ಬಾಗಿಲಿನ ಚೀಟಿ ಕಂಡಿತು. ಬಟ್ಟೆ ತೆಗೆದುಕೊಂಡು ಬಾಗಿಲು ಹಾಕಿದೆ.

ಆಗಸ್ಟ್ 25, ಸೋಮವಾರ

ಕೊಟ್ಟೆವು. ನಡುಮನೆಯಲ್ಲಿ, ಪುರೋಹಿತರು ಹೇಳಿದಂತೆ ನಾವಿಬ್ಬರೂ ಮಗುವನ್ನು ಎತ್ತಿ ಅವರಿಬ್ಬರ ಕೈಗೆ ಇಟ್ಟೆವು. ಅವನು ನನ್ನ ಸೆರಗು ಹಿಡಿದುಕೊಂಡಿದ್ದ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಹೆಸರು ಬದಲಾಯಿಸಿದರು. ಭಾವನ ತಂದೆಯ ಹೆಸರು, ಪರಮೇಶ್ವರ. ಒಳ್ಳೆಯದೇ ಆಯಿತು.

ಬಸ್ಸಿನ ಹೊತ್ತಾದಾಗ ಅತ್ತಿಗೆ ಕೇಳಿದರು, "ಇವನಿಗೆ ಎಂತಾದ್ರೂ ಆಗಿಬರದೇ ಇರೋದು ಉಂಟೇನೆ? ಆಹಾರ, ಔಷಧಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, "ಅದೆಲ್ಲ ದೊಡ್ಡೋನಿಗೆ ಕಣೆ ರಾಜೀವಿ. ಇವನದು ಕಲ್ಲು ಜೀವ. ಏನು ಕೊಟ್ರೂ ಅರಗಿಸ್ಕೋತಾನೆ" ಅಂದರು. ಬಾಯಿ ಮುಚ್ಚಿದೆ. ಬಸ್ಸು ತಿರುವು ದಾಟುವವರೆಗೂ ಅವನ ಅಳು ಕೇಳುತ್ತಿತ್ತು. ನನ್ನ ಕಂಕುಳಲ್ಲಿದ್ದವನು ಬಸ್ಸಿಗೆ ಕೈ ಬೀಸಿದ.

ಆಗಸ್ಟ್ 29, ಶುಕ್ರವಾರ

ಏಳು ಗಂಟೆ ನಿದ್ದೆ! ಸತತ ನಾಲ್ಕನೇ ರಾತ್ರಿ. ಕನ್ನಡಿಯಲ್ಲಿ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿದೆ. ಕಾಫಿಗೆ ರುಚಿ ಬಂದಿದೆ.

"ದತ್ತು ಕೊಟ್ಟ ಪುಣ್ಯ ನೋಡು, ವಾಸೂನೂ ಅಳೋದು ಬಿಟ್ಟ" ಅಂತ ಅತ್ತೆ ಪಕ್ಕದ ಮನೆಯ ವರದಮ್ಮನವರಿಗೆ ಹೇಳುತ್ತಿದ್ದರು. "ಎದೆಹಾಲೂ ತಾನಾಗೇ ಬಿಟ್ಟು ಒಳಲೆ ಹಿಡಿದಿದಾನೆ. ತಮ್ಮನ್ನ ನೋಡಿ ಕಲಿತಿರಬೇಕು." ಹೌದು ಅಂದೆ. ನಗು ಬಂತು. ಎದೆ ಮಾತ್ರ ಗಡ್ಡೆ ಕಟ್ಟಿ ನೋಯುತ್ತದೆ. ಹಾಲು ಹಿಂಡಿ ಬಚ್ಚಲಿಗೆ ಚೆಲ್ಲಿದೆ.

ಸೆಪ್ಟೆಂಬರ್ 1, ಸೋಮವಾರ

ಹಾಲಮ್ಮ ಬಂದಳು. ಮಗುವನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತ ಕಂಕುಳ ಬುಡಕ್ಕೆ ಕೈ ಒಯ್ದಳು. ಮಗು ಕಿಲಕಿಲ ನಕ್ಕಿತು. ಅವಳ ಕೈ ನಿಂತಿತು.

"ಇದು ಸಣ್ಣದಲ್ರೀ ಅಮ್ಮಾ?"

"ಕರಿದಾರ ಕಾಣಲ್ವೇನು ಹಾಲಮ್ಮ?"

"ದಾರ ಕಟ್ಟಿದಾಕಿ ನಾನಽ ಅಲ್ರೀ. ಕಂಕುಳಾಗ ಕೈ ಇಟ್ರ ನಗಾದು ಸಣ್ಣದು. ದೊಡ್ಡದು ಹುಬ್ಬು ಗಂಟು ಹಾಕತೈತಿ." ದನಿ ಇಳಿಸಿದಳು. "ಗಡಿಬಿಡಿಯಾಗ ಅದಲು ಬದಲು ಆಗೇತೇನ್ರಿ? ಸೊರಬಕ್ಕ ಹೇಳಿ ಕಳಸ್ರಿ. ಇನ್ನೂ ವಾರ ಆಗೇತಿ ಅಷ್ಟಽ."

ನಾನು ನಕ್ಕೆ. ಮಗು ಬೆಳೆದಿದೆ, ನಗುವುದು ಕಲಿತಿದೆ ಅಂದೆ. ಅವಳು ನಗಲಿಲ್ಲ.

ಅವಳು ನೀರು ಬಳಿದುಹಾಕುತ್ತಿರುವಾಗ ಮಗುವನ್ನು ಒಳಗೆ ತಂದು ಒರಟು ಟವೆಲಿನಿಂದ ಬೆನ್ನು ಒರೆಸಿದೆ, ಕೆಂಪಾಗುವವರೆಗೆ. ಮಗು ಅತ್ತಿತು. ಅತ್ತೆಯನ್ನು ಕರೆದು ತೋರಿಸಿದೆ: "ನೀರು ಎಷ್ಟು ಸುಡುತ್ತೆ ಅಂತ ನೋಡ್ಕೊಳೋಲ್ಲ ಇವಳು." ಅತ್ತೆಗೆ ಕೆಂಪು ಕಂಡಿತೋ ಇಲ್ಲವೋ, ಅಳು ಕೇಳಿತು. ಬೈದು ಕಳಿಸಿದರು.

ಹಾಲಮ್ಮ ಹೋಗುವಾಗ ಹಿತ್ತಲ ಬಾಗಿಲಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ, "ನಾ ಯಾರಿಗೂ ಹೇಳಾಕಿ ಅಲ್ರೀ. ಅದರ ಉಸಿರು ಗೊರಗೊರ ಅಂದಾಗ ಎದಿಗೆ ಬಿಸಿ ಎಣ್ಣಿ ತಿಕ್ಕಬೇಕು, ಅದನ್ನರ ಅವರಿಗೆ ತಿಳಿಸ್ರಿ" ಅಂದಳು.

ಅವಳ ಬಾಯಿಗೆ ಹೆದರಿದ್ದೆನಲ್ಲ. ಸುಮ್ಮನೆ ಕಳಿಸಿದ್ದಾಯಿತು. ಇರಲಿ, ಬೇರೆಯವಳು ಸಿಗುತ್ತಾಳೆ.

ಸೆಪ್ಟೆಂಬರ್ 4, ಗುರುವಾರ

ಅತ್ತಿಗೆಯ ಕಾಗದ. 'ಒಳಲೆ ರೂಢಿ ಮಾಡಿಸಿದ್ದೇನೆ ಅಂತ ನೀನು ಅಂದಿದ್ದೆ. ಒಳಲೆ ಕಂಡರೆ ಮುಖ ತಿರುಗಿಸುತ್ತಾನೆ. ರಾತ್ರಿಯಿಡೀ ಬಾಗಿಲ ಕಡೆ ನೋಡಿಕೊಂಡು ಅಳುತ್ತಾನೆ. ಇಳಿದುಹೋಗಿದ್ದಾನೆ. ಆದರೂ ನನ್ನ ಕಣ್ಣಿಗೆ ಚಂದ್ರನ ಹಾಗಿದ್ದಾನೆ.' ಅತ್ತಿಗೆ ಅಷ್ಟು ಚೆನ್ನಾಗಿ ಬರೆಯುತ್ತಾರೆ ಅಂತ ಗೊತ್ತಿರಲಿಲ್ಲ.

ಉತ್ತರ ಬರೆಯಲು ಕೂತೆ. 'ಜ್ವರ ಬಂದರೆ ಸೂಜಿ ಹಾಕಿಸಬೇಡಿ, ಅವಳಿಗಳಲ್ಲವೇ, ಇವನಿಗೂ ಆಗದೆ ಇರಬಹುದು' ಅಂತ ಬರೆದೆ. ಓದಿ ನೋಡಿದೆ. ಭಾವ ವಕೀಲರು. ಈಗ ಯಾಕೆ ನೆನಪಾಯಿತು ಅಂತ ಕೇಳುತ್ತಾರೆ. ಹರಿದು ಒಲೆಗೆ ಹಾಕಿದೆ. ಒಂದು ವಾರ ಹೋಗಲಿ, ಮಾತಿನ ಮಧ್ಯೆ ಬಂದ ಹಾಗೆ ಬರೆದರಾಯಿತು.

ವಾಸು ಇವತ್ತು 'ಅಮ್ಮ' ಅಂದ.

ಸೆಪ್ಟೆಂಬರ್ 11, ಗುರುವಾರ. ಗಡಿಯಾರ ನೋಡಿದರೆ ಶುಕ್ರವಾರ, ಎರಡು ಗಂಟೆ

ಸಂಜೆ ಆಫೀಸು ಮುಚ್ಚಿ ಬಂದವರು ಕೋಟು ಬಿಚ್ಚುತ್ತಲೇ ಹೇಳಿದಿರಲ್ಲ: "ಭಾವ ಫೋನು ಮಾಡಿದ್ದರು. ಮಗುವಿಗೆ ಎದೆ ಕಟ್ಟಿ ಜ್ವರವಂತೆ. ಅಲ್ಲಿನ ಡಾಕ್ಟರು ಪೆನಿಸಿಲಿನ್ ತರಿಸಿದಾರೆ, ಬೆಳಿಗ್ಗೆ ಏಳಕ್ಕೆ ಬಂದು ಹಾಕ್ತಾರಂತೆ. ಮುಂಚೆ ಏನಾದ್ರೂ ತೊಂದರೆ ಆಗಿತ್ತಾ ಅಂತ ಕೇಳಿದ್ರು. ಆಗಿದ್ದು ದೊಡ್ಡೋನಿಗೆ, ಅವನು ಇಲ್ಲೇ ಇದಾನೆ, ಇವನಿಗೆ ಧಾರಾಳವಾಗಿ ಹಾಕಿಸಿ ಅಂದೆ." ಆಮೇಲೆ ನಕ್ಕು, "ದೇರ್ ಈಸ್ ಎ ಡಿಫರೆನ್ಸ್ ಅಂದೆ ಕಣೆ. ಸರಿಯಾಗಿ ಬಳಸಿದೆ ತಾನೆ?"

ಸರಿ ಅಂದೆ. ನಿಮಗೆ ಸಾರು ಬಡಿಸಿದೆ.

ಇದುವರೆಗೆ ಇದನ್ನು ಯಾರೂ ಓದಿಲ್ಲ. ಈಗ ನೀವು ಓದಬೇಕು. ಬೇರೆ ಯಾರಿದ್ದಾರೆ? ನಾಲ್ಕು ಸಲ ನಿಮ್ಮನ್ನು ಎಬ್ಬಿಸಲು ಬಂದೆ. ನೀವು ಕಣ್ಣು ತೆರೆದು "ಏನೇ?" ಅಂದಿರಿ. ನಾನು "ನೀರು ಬೇಕಿತ್ತೇ" ಅಂದೆ. ಎರಡನೇ ಸಲ ನೀರು ಕುಡಿದೂ ಬಿಟ್ಟಿರಿ. ಬಾಯಿಯಿಂದ ಹೊರಡುತ್ತಿಲ್ಲ. ಬರೆಯಲು ಆಗುತ್ತದೆ.

ಸೊರಬದಲ್ಲಿರುವವನು ವಾಸು.

ಆಗಸ್ಟ್ 24ರ ಪುಟ ತೆಗೆಯಿರಿ. ಅಲ್ಲಿ 'ದಾರ ಒಣಗಿದ ಮೇಲೆ ಕಟ್ಟಿದೆ' ಅಂತಷ್ಟೇ ಇದೆ. ಕರಿದಾರವನ್ನು ಅಚ್ಯುತನಿಗೆ ಕಟ್ಟಿದೆ. ಕೆಂಪುದಾರವನ್ನು ವಾಸುವಿಗೆ ಕಟ್ಟಿದೆ. ನೀಲಿಯಾಗಿದ್ದ ಮಗು ಅವನೇ. ಚೀಟಿಯಲ್ಲಿರುವ ಮಗು ಅವನೇ. ನಿಮ್ಮ ಅಕ್ಕ ಈಗ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಏಳು ಗಂಟೆಗೆ ಕಾಯುತ್ತಿದ್ದಾರೆ.

ಆಫೀಸಿನ ಕೀಲಿ ನಿಮ್ಮ ಜನಿವಾರದಲ್ಲಿದೆ. ಬಿಚ್ಚಲು ಕೈ ಹಾಕಿದೆ, ನೀವು ಮಗ್ಗುಲಾದಿರಿ. ನಾನೇ ಫೋನು ಮಾಡಿದರೆ ಏನು ಹೇಳಲಿ? ಅತ್ತಿಗೆ "ಯಾಕೆ?" ಅನ್ನುತ್ತಾರೆ. ನೀವು ಗಂಡಸರು, ಪೋಸ್ಟ್ ಮಾಸ್ಟರರು. ನೀವು ಹೇಳಿದರೆ ಕೇಳುತ್ತಾರೆ. ಸೊರಬದ ಪೋಸ್ಟ್ ಮಾಸ್ಟರ್ ಧರ್ಮಪ್ಪನವರು ಆಫೀಸಿನ ಹಿಂದೆಯೇ ಮಲಗುವವರು, ನಮ್ಮ ಹಾಗೆ. ಎರಡು ಸಲ ಗಂಟೆಯಾದರೆ ಏಳುತ್ತಾರೆ. ಅಲ್ಲಿಂದ ಭಾವನ ಮನೆ ನಾಲ್ಕೇ ಮನೆ ಆಚೆ.

ಹೇಳಬೇಕಾದದ್ದು ಇಷ್ಟೇ. ಸೂಜಿ ಬೇಡ. ಯಾಕೆ ಅಂತ ಕೇಳಿದರೆ, ಕನಸು ಬಿತ್ತು ಅನ್ನಿ. ಹೆಂಡತಿಗೆ ಹುಚ್ಚು ಅನ್ನಿ. ಏನಾದರೂ ಅನ್ನಿ. ದಾರದ ಮಾತು ಮಾತ್ರ ಇವತ್ತೇ ಎತ್ತಬೇಡಿ. ಅದು ತಿಳಿದರೆ ಅವರು ಇವನನ್ನು ಕೇಳಲು ಬರುತ್ತಾರೆ. ಕಾಗದದಲ್ಲಿ ಇರುವುದು ಇವನ ಹೆಸರು. ಅವನು ಬದುಕಲಿ. ಅಲ್ಲೇ ಬದುಕಲಿ.

ನೀವು ಓದಲು ನಾಲ್ಕೂವರೆಗೆ ಏಳುವವರು. ಈ ಪುಸ್ತಕವನ್ನು ನಿಮ್ಮ ಇಂಗ್ಲಿಷ್ ನೋಟ್‌ಬುಕ್ಕಿನ ಮೇಲೆ, ಇದೇ ಪುಟ ತೆರೆದು ಇಟ್ಟಿದ್ದೇನೆ. ಲಾಟೀನು ಸಣ್ಣದಾಗಿ ಉರಿಯುತ್ತಿದೆ. ಅಲಾರಂ ಇಟ್ಟಿದ್ದೇನೆ. ಮಗು ಎದ್ದೀತು ಅಂತ ಅದಕ್ಕೆ ನಿಮ್ಮ ಟವೆಲು ಸುತ್ತಿದ್ದೇನೆ, ಸದ್ದು ಸಣ್ಣದಾಗಿ ಬರುತ್ತದೆ, ಸ್ವಲ್ಪ ಕಿವಿಗೊಟ್ಟು ಮಲಗಿ. ನಾನು ಇವನ ಪಕ್ಕದಲ್ಲಿ ಮಲಗಿರುತ್ತೇನೆ. ಎಷ್ಟು ಚೆನ್ನಾಗಿ ಮಲಗಿದ್ದಾನೆ ಅಂತೀರಿ.

ಎದ್ದ ಕೂಡಲೆ ಓದಿ. ಪೂರ್ತಿ ಓದಬೇಡಿ, ಇದೊಂದೇ ಪುಟ ಸಾಕು. ನನ್ನನ್ನು ಏನೂ ಕೇಳಬೇಡಿ, ಮುಖವನ್ನೂ ನೋಡಬೇಡಿ. ಆಫೀಸಿನ ಬಾಗಿಲು ತೆಗೆದು ಫೋನಿನ ಹಿಡಿ ತಿರುಗಿಸಿ. ಏಳಕ್ಕೆ ಡಾಕ್ಟರು ಬರುತ್ತಾರೆ. ಫೋನು ಮಾಡಿ. ನಿಮ್ಮ ದಮ್ಮಯ್ಯ, ಬೆಳಗಾಗುವುದರೊಳಗೆ ಫೋನು ಮಾಡಿ.